ವೈಫೈ ಇದೆ, ನೆಟ್ ಇಲ್ಲ: ಕೆಟ್ಟಿದ್ದು ಎಲ್ಲಿ?

ನೆಟ್ ಹೋದ ಕೂಡಲೇ ನಾವೆಲ್ಲ ಮಾಡುವುದು ಒಂದೇ. ರೂಟರ್ ಆಫ್ ಮಾಡಿ ಆನ್ ಮಾಡುತ್ತೇವೆ. ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಏನು ಕೆಟ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ. ನೆಟ್‌ವರ್ಕಿಂಗ್ ಕಲಿಯುವವರಿಗೆ ಇದು ಸಾಲದು. ನಮಗೆ ಬೇಕಿರುವುದು ದಾರಿ ಎಲ್ಲಿ ಕಡಿದಿದೆ ಅನ್ನುವ ಉತ್ತರ. ಇಲ್ಲಿ ಬರೆದಿರುವುದು ವಿಂಡೋಸ್ ಲ್ಯಾಪ್‌ಟಾಪ್‌ಗೆ.

ಮೊದಲು ಫೋನನ್ನು ಅದೇ ವೈಫೈಗೆ ಹಾಕಿ ನೋಡಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿಯೇ ನೋಡಬೇಕು. ಇಲ್ಲದಿದ್ದರೆ ವೈಫೈಯಲ್ಲಿ ನೆಟ್ ಇಲ್ಲದಾಗ ಫೋನು ಸದ್ದಿಲ್ಲದೆ ಡೇಟಾಗೆ ಜಾರುತ್ತದೆ, ನಾವು ಸುಮ್ನೆ ಲ್ಯಾಪ್‌ಟಾಪನ್ನು ಬೈಯುತ್ತಾ ಕೂರುತ್ತೇವೆ. ಫೋನಿನಲ್ಲೂ ನೆಟ್ ಇಲ್ಲವಾದರೆ ತೊಂದರೆ ರೂಟರಿನಲ್ಲೋ ಅದರಾಚೆಗೋ ಇದೆ. ಫೈಬರ್ ಪೆಟ್ಟಿಗೆಯಲ್ಲಿ ಲಾಸ್ (LOS) ಅನ್ನುವ ದೀಪ ಕೆಂಪಗಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಕಂಪನಿಗೆ ಫೋನ್ ಮಾಡುವುದು ಬಿಟ್ಟರೆ ನಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ.

ಫೋನಿನಲ್ಲಿ ಬರುತ್ತಿದೆ, ಲ್ಯಾಪ್‌ಟಾಪಿನಲ್ಲಿ ಮಾತ್ರ ಇಲ್ಲ ಅಂದ್ರೆ ಮುಂದಕ್ಕೆ ಹೋಗೋಣ. ಏರ್‌ಪ್ಲೇನ್ ಮೋಡ್ ಆನ್ ಆಗಿದೆಯಾ ನೋಡಿ. ಕೀಬೋರ್ಡ್ ಒರೆಸುವಾಗ ಆ ಕೀ ಒತ್ತಿಹೋಗುವುದುಂಟು.

ಈಗ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಐಪಿಕಾನ್ಫಿಗ್ (ipconfig) ಎಂದು ಕೊಡಿ. ಬರುವ ಉದ್ದ ಪಟ್ಟಿಯಲ್ಲಿ ವೈಫೈ ಅಡಾಪ್ಟರಿನ ಕೆಳಗೆ ಎರಡೇ ಸಾಲು ನೋಡಿದರೆ ಸಾಕು: ಐಪಿವಿ4 ವಿಳಾಸ (ನೆಟ್‌ವರ್ಕಿನಲ್ಲಿ ನಮ್ಮ ಲ್ಯಾಪ್‌ಟಾಪಿನ ನಂಬರು), ಡಿಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಮನೆಯಲ್ಲಿ ರೂಟರಿನ ವಿಳಾಸ). ಮನೆಗಳಲ್ಲಿ ವಿಳಾಸ ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತದೆ. ಕಾಲೇಜು, ಆಫೀಸಿನಲ್ಲಿ 10 ಎಂದು ಶುರುವಾಗುವುದೂ ಜಾಸ್ತಿ.

169.254 ಎಂದು ಕಂಡರೆ ಅಲ್ಲೇ ನಿಲ್ಲಿ. ಲ್ಯಾಪ್‌ಟಾಪ್ ನೆಟ್‌ವರ್ಕಿಗೆ ಸೇರಿದಾಗ ಡಿಎಚ್‌ಸಿಪಿ ಮೂಲಕ 'ನನಗೊಂದು ವಿಳಾಸ ಕೊಡಿ' ಎಂದು ಕೇಳುತ್ತದೆ. ಮನೆಯಲ್ಲಿ ಅದನ್ನು ಕೊಡುವುದು ರೂಟರ್. ಉತ್ತರ ಬಾರದಿದ್ದಾಗ ಲ್ಯಾಪ್‌ಟಾಪ್ ತಾನೇ ಒಂದು ವಿಳಾಸ ಹಾಕಿಕೊಳ್ಳುತ್ತದೆ. ಅದೇ ಈ 169.254. ವೈಫೈಗೆ ಸೇರಿದಂತೆ ಮಾತ್ರ ತೋರಿಸುತ್ತಲೇ ಇರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ. ಐಪಿಕಾನ್ಫಿಗ್ ಬರೆದು, ಸ್ಪೇಸ್ ಬಿಟ್ಟು, ಓರೆಗೆರೆಯ ಜೊತೆ ರಿಲೀಸ್ ಕೊಡಿ (ipconfig /release). ಆಮೇಲೆ ಅದೇ ರೀತಿ ರಿನ್ಯೂ (ipconfig /renew). ಹೊಸ ವಿಳಾಸ ಬಾರದಿದ್ದರೆ ಆ ವೈಫೈ ಹೆಸರನ್ನು ಫರ್ಗೆಟ್ ಮಾಡಿ ಮತ್ತೆ ಸೇರಿಕೊಳ್ಳಿ.

ವಿಳಾಸ ಸರಿಯಿದ್ದರೆ ಪಿಂಗ್ (ping), ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದಾ ನೋಡುವ ಕಮಾಂಡ್. ಪಿಂಗ್ ಬರೆದು, ಸ್ಪೇಸ್ ಬಿಟ್ಟು, ವಿಳಾಸ ಕೊಡಿ. ಹತ್ತಿರದಿಂದ ದೂರಕ್ಕೆ ಹೋಗಬೇಕು. 127.0.0.1ಕ್ಕೆ ಪಿಂಗ್ ಮಾಡಿದರೆ ಅದು ಲ್ಯಾಪ್‌ಟಾಪಿನಿಂದ ಹೊರಗೇ ಹೋಗುವುದಿಲ್ಲ, ಒಳಗಿನ ವ್ಯವಸ್ಥೆಯನ್ನಷ್ಟೇ ನೋಡುತ್ತದೆ. ಆಮೇಲೆ ಗೇಟ್‌ವೇ ವಿಳಾಸಕ್ಕೆ. ಆಮೇಲೆ 8.8.8.8ಕ್ಕೆ, ಇದು ಗೂಗಲ್‌ನ ಡಿಎನ್‌ಎಸ್ ಸರ್ವರ್, ಅಂದರೆ ವೆಬ್‌ಸೈಟಿನ ಹೆಸರನ್ನು ನಂಬರಿಗೆ ಬದಲಿಸಿಕೊಡುವ ಕಂಪ್ಯೂಟರ್. ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರಿಗೆ. ಎಲ್ಲಿ ಮೊದಲು ನಿಲ್ಲುತ್ತದೋ ಅದರ ಹಿಂದಿನ ಮೆಟ್ಟಿಲಿನವರೆಗೆ ದಾರಿ ಸರಿಯಿದೆ.

ಇಲ್ಲೊಂದು ಹಳ್ಳ ಇದೆ, ನಾನೇ ಬಿದ್ದಿದ್ದೇನೆ. ವಿಂಡೋಸ್ ನಾಲ್ಕು ಸಲ ಪಿಂಗ್ ಕಳಿಸುತ್ತದೆ. ಕೆಲವೊಮ್ಮೆ ನಾಲ್ಕೂ ಸಾಲು 'ರಿಪ್ಲೈ ಫ್ರಮ್' ಎಂದೇ ಶುರುವಾಗುತ್ತವೆ, ಕೆಳಗೆ ಲಾಸ್ಟ್ ಸೊನ್ನೆ ಅಂತಲೂ ಇರುತ್ತದೆ. ಖುಷಿಪಡಬೇಡಿ. ಸಾಲನ್ನು ಪೂರ್ತಿ ಓದಿ. 'ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್' ಎಂದಿದ್ದರೆ ಆಚೆಯವರು ಉತ್ತರಿಸಿಲ್ಲ. ಎಷ್ಟೋ ಸಲ ಆ ಉತ್ತರ ಕೊಟ್ಟಿದ್ದು ನಮ್ಮ ಲ್ಯಾಪ್‌ಟಾಪೇ. ವಿಳಾಸ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ಮಾತು, ಕೆಲವು ಕಾಲೇಜು, ಆಫೀಸುಗಳಲ್ಲಿ ಪಿಂಗನ್ನೇ ತಡೆದಿರುತ್ತಾರೆ. ಅಲ್ಲಿ ಉತ್ತರ ಬಾರದ ಮಾತ್ರಕ್ಕೆ ನೆಟ್ ಇಲ್ಲ ಎನ್ನಲಾಗದು.

8.8.8.8 ಉತ್ತರಿಸುತ್ತದೆ, ಹೆಸರು ಕೊಟ್ಟರೆ ಮಾತ್ರ ಸಿಗುತ್ತಿಲ್ಲ. ಆಗ ತೊಂದರೆ ಡಿಎನ್‌ಎಸ್‌ನಲ್ಲಿ. ಹೆಸರನ್ನು ನಂಬರಿಗೆ ಬದಲಿಸುವವರು ರಜೆ ಹಾಕಿದ್ದಾರೆ ಅಂದುಕೊಳ್ಳಿ. ಐಪಿಕಾನ್ಫಿಗ್‌ಗೆ ಓರೆಗೆರೆಯ ಜೊತೆ ಫ್ಲಶ್‌ಡಿಎನ್‌ಎಸ್ ಸೇರಿಸಿ ಕೊಡಿ (ipconfig /flushdns). ಆಗಲಿಲ್ಲವೆಂದರೆ ವೈಫೈ ಸೆಟಿಂಗ್ಸಿನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ನೀವೇ ಬರೆಯಿರಿ.

ಪಿಂಗ್ ಎಲ್ಲ ಸರಿ, ಬ್ರೌಸರಿನಲ್ಲಿ ಮಾತ್ರ ಪುಟ ತೆರೆಯುತ್ತಿಲ್ಲ. ತಲೆ ಕೆಡಿಸುವುದು ಇದೇ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಹೀಗಾಗಿ ಒಂದು ಸಂಜೆ ಪೂರ್ತಿ ಹೋಯಿತು. ಪ್ರತಿ ಪುಟದಲ್ಲೂ 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಅನ್ನುವ ಎಚ್ಚರಿಕೆ. ಡಿಎನ್‌ಎಸ್ ಬದಲಿಸಿದೆ, ಬ್ರೌಸರನ್ನು ತೆಗೆದು ಮತ್ತೆ ಹಾಕಿದೆ. ಕೊನೆಗೆ ಮೂಲೆಯ ಗಡಿಯಾರ ನೋಡಿದರೆ ಇಸವಿ 2012! ವೆಬ್‌ಸೈಟುಗಳ ಭದ್ರತಾ ಸರ್ಟಿಫಿಕೇಟಿಗೆ ಶುರುವಾಗುವ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ನನ್ನ ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಆ ಸರ್ಟಿಫಿಕೇಟುಗಳು ಇನ್ನೂ ಹುಟ್ಟೇ ಇರಲಿಲ್ಲ. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ 3 ವೋಲ್ಟಿನ ಸೆಲ್ ಸತ್ತಿತ್ತು, ಚಾರ್ಜರ್ ತೆಗೆದು ಬ್ಯಾಟರಿ ಪೂರ್ತಿ ಖಾಲಿಯಾದಾಗಲೆಲ್ಲ ತಾರೀಕು ಹಿಂದಕ್ಕೆ ಓಡುತ್ತಿತ್ತು.

ತಾರೀಕು ಸರಿಯಿದ್ದರೆ ಪ್ರಾಕ್ಸಿ (ನಮ್ಮ ಪರವಾಗಿ ವೆಬ್‌ಸೈಟಿಗೆ ಹೋಗಿಬರುವ ನಡುವಿನ ಸರ್ವರ್) ನೋಡಿ. ಆಫೀಸಿನ ಲ್ಯಾಪ್‌ಟಾಪ್ ಮನೆಗೆ ತಂದಾಗ ಅಲ್ಲಿನ ಪ್ರಾಕ್ಸಿ ಸೆಟಿಂಗ್ ಹಾಗೇ ಉಳಿದಿರುತ್ತದೆ. ವಿಪಿಎನ್ ಆನ್ ಇದ್ದರೆ ಆಫ್ ಮಾಡಿ ನೋಡಿ.

ವೈಫೈ ಆಯ್ಕೆಯೇ ಕಾಣುತ್ತಿಲ್ಲವೆಂದರೆ ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ) ಮೇಲೆ ಅನುಮಾನಪಡಿ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಇದೆಯೇ ನೋಡಿ. ನೆಟ್ಟೇ ಇಲ್ಲದೆ ಡ್ರೈವರ್ ಇಳಿಸುವುದು ಹೇಗೆ? ಫೋನನ್ನು ಕೇಬಲ್ಲಿನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಫೋನಿನ ನೆಟ್ ಲ್ಯಾಪ್‌ಟಾಪಿಗೆ ಸಿಗುತ್ತದೆ. ಅದಕ್ಕೆ ವೈಫೈ ಕಾರ್ಡಿನ ಹಂಗಿಲ್ಲ.

ನೆಟ್‌ವರ್ಕ್ ರೀಸೆಟ್ ಅನ್ನುವ ಬಟನ್ ಸೆಟಿಂಗ್ಸಿನಲ್ಲೇ ಇದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳನ್ನೆಲ್ಲ ಅಳಿಸುತ್ತದೆ, ವಿಪಿಎನ್ ತಂತ್ರಾಂಶವನ್ನು ಮತ್ತೆ ಹಾಕಬೇಕಾಗಬಹುದು. ವೈಫೈ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ರೂಟರನ್ನು ಮಗುಚಿ ಕೆಳಗಿನ ಚೀಟಿ ನೋಡಿ, ಯಾರೂ ಬದಲಿಸಿಲ್ಲದಿದ್ದರೆ ಅಲ್ಲೇ ಇರುತ್ತದೆ. ಬರೆದುಕೊಂಡ ಮೇಲೆ ಬಟನ್ ಒತ್ತಿ.