ಮೊಬೈಲ್‌ನಲ್ಲಿ ಹೇಳಿದ ಮೇಲೂ ಕಾಗದ ಬರೆಯಬೇಕೆ?

ಪ್ರಶ್ನೆ: ನನ್ನ ಮದುವೆಗೆ ವಾರ ಮೊದಲೇ ಬಂದು ದುಡಿದ ಸೋದರತ್ತೆಗೆ ವಾಟ್ಸ್‌ಆ್ಯಪ್‌ನಲ್ಲಿ ಧನ್ಯವಾದ ಹೇಳಿದ್ದೇನೆ. ಕೈಯಾರೆ ಒಂದು ಕಾಗದವನ್ನೂ ಬರೆಯುವ ಆಸೆ. ಆದರೆ ನನ್ನ ಅಕ್ಷರ ಚೆನ್ನಾಗಿಲ್ಲ. ಬರೆದರೆ ಅತಿಯಾಯಿತು ಅನಿಸುವುದಿಲ್ಲವೆ?

ಉತ್ತರ: ಖಂಡಿತ ಬರೆಯಿರಿ. ನಮ್ಮಲ್ಲಿ ಮನೆಯವರಿಗೆ ‘ಧನ್ಯವಾದ’ ಎನ್ನುವುದು ನಾಲಗೆಗೆ ಒಗ್ಗದ ಮಾತು. ಎದುರಿಗೆ ಹೇಳಿದರೆ ‘ನಾನೇನು ಹೊರಗಿನವಳೇ?’ ಎಂದು ಅತ್ತೆ ಗದರಿಯಾರು. ಕಾಗದದಲ್ಲಿ ಆ ಪದವೇ ಬೇಕಿಲ್ಲ. ‘ಧಾರೆಯ ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ನೀವೊಬ್ಬರೇ ಕೂತು ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ಹಾಕುತ್ತಿದ್ದುದನ್ನು ನೋಡಿದೆ’ ಎಂದು ಬರೆದರೆ ಸಾಕು. ಪೆನ್ನು ಹಿಡಿದು ಕೂತಾಗಲೇ ಇಂಥವು ಒಂದೊಂದಾಗಿ ನೆನಪಾಗುವುದು. ಕೈಮುಗಿದ ಚಿತ್ರವನ್ನು ಒತ್ತುವಷ್ಟರಲ್ಲಿ ಅವು ಬರುವುದಿಲ್ಲ.

ನಿಮ್ಮ ಅಳುಕು ಎಲ್ಲರಿಗೂ ಇರುವಂಥದ್ದೇ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಂದ ಕೃತಜ್ಞತೆಯ ಪತ್ರ ಬರೆಸಿದರು. ಓದುವವರಿಗೆ ಹೇಗನಿಸೀತು ಎಂದು ಬರೆದವರನ್ನೂ, ಹೇಗನಿಸಿತು ಎಂದು ಓದಿದವರನ್ನೂ ಕೇಳಿದರು. ಬರೆದವರು ಊಹಿಸಿದ್ದಷ್ಟು ಮುಜುಗರ ಓದಿದವರಿಗೆ ಆಗಿರಲಿಲ್ಲ; ಸಂತೋಷ ಮಾತ್ರ ಊಹೆಗಿಂತ ಹೆಚ್ಚಾಗಿತ್ತು. ಅಲ್ಲಿ ಪರೀಕ್ಷಿಸಿದ್ದು ಕೈಬರಹವನ್ನಲ್ಲ, ಕೃತಜ್ಞತೆಯನ್ನು. ಕೈಬರಹದ ವಿಷಯದಲ್ಲಿ ನನಗೆ ನಮ್ಮ ಅಜ್ಜನ ಮನೆಯೇ ಸಾಕ್ಷಿ.

ಅಲ್ಲಿ ಪಡಸಾಲೆಯ ಕಂಬಕ್ಕೆ ಕಾಗದ ಚುಚ್ಚಿಡುವ ಕೊಕ್ಕೆತಂತಿ ನೇತುಹಾಕಿದ್ದರು. ಅಜ್ಜ ತೀರಿಕೊಂಡ ಮೇಲೆ ಅದನ್ನು ಬಿಡಿಸಿದಾಗ ಕಂದಾಯದ ರಸೀದಿಗಳ ನಡುವೆ ಒಂದು ಅಂಚೆ ಕಾರ್ಡು ಸಿಕ್ಕಿತು. ಪರೀಕ್ಷೆಯ ಶುಲ್ಕಕ್ಕೆ ಹಣ ಕೊಟ್ಟದ್ದನ್ನು ನೆನೆದು ಊರಿನ ಹುಡುಗನೊಬ್ಬ ಬರೆದದ್ದು. ಸಾಲುಗಳೆಲ್ಲ ಬಲಕ್ಕೆ ಹೋಗುತ್ತ ಕೆಳಗೆ ಜಾರಿದ್ದವು, ‘ಸಾಷ್ಟಾಂಗ’ದಲ್ಲಿ ಒತ್ತಕ್ಷರ ತಪ್ಪಿತ್ತು. ಉಳಿದ ಕಾಗದಗಳಿಗೆಲ್ಲ ನಟ್ಟನಡುವೆ ತೂತು. ಈ ಕಾರ್ಡನ್ನು ಮಾತ್ರ ಒಂದಕ್ಷರವೂ ಹರಿಯದಂತೆ ಅಂಚು ನೋಡಿ ಚುಚ್ಚಿದ್ದರು.

ಒಕ್ಕಣೆಗೆ ತಲೆ ಕೆಡಿಸಿಕೊಳ್ಳಬೇಡಿ. ‘ಮಾತೃಶ್ರೀ ಸಮಾನರಾದ ಅತ್ತೆಯವರಿಗೆ ನಮಸ್ಕಾರಗಳು’ ಎಂದು ಶುರು ಮಾಡಿ, ಕಣ್ಣಾರೆ ಕಂಡ ಒಂದೆರಡು ಸಂಗತಿ ಬರೆದು, ‘ಇತಿ’ ಎಂದು ಸಹಿ ಹಾಕಿದರೆ ಆಯಿತು. ಐದಾರು ಸಾಲು ಸಾಕು. 50 ಪೈಸೆಯ ಕಾರ್ಡಿನಲ್ಲೇ ಹಿಡಿಸುತ್ತದೆ. ಅಂಚೆಯಣ್ಣನ ಕಣ್ಣಿಗೆ ಬೀಳಬಾರದ ಮಾತಿದ್ದರೆ ಇನ್‌ಲ್ಯಾಂಡ್ ಲೆಟರ್ ತನ್ನಿ. ಪಿನ್‌ಕೋಡಿನ ಆರು ಅಂಕಿಗಳನ್ನು ಮಾತ್ರ ಬಿಡಿಸಿ ಬರೆಯಿರಿ.