ಹಾಥಾರ್ನ್ ಗಿಡಕ್ಕ ಅಮವಾಸ್ಯಿ ಗೊತ್ತಿಲ್ಲ, ಥಂಡಿ ಗೊತ್ತದ

ನಮ್ಮ ಓಣಿ ಅಕ್ಕಾರೊಬ್ಬರು ಆನ್‌ಲೈನ್‌ನಾಗ ಹಾಥಾರ್ನ್ ಸಸಿ ತರಿಸಿದ್ರು. ಫೋಟೊದಾಗ ಎಲಿ ಕಾಣದಂಗ ಬಿಳಿ ಹೂವು, ಕೆಂಪು ಹಣ್ಣು, ನೋಡಿದ್ರ ಯಾರಿಗರ ಆಸಿ ಆಗ್ತದ. ಎರಡು ವರ್ಷ ಆಯ್ತು, ಟೊಂಗಿ ತುದಿಗೆ ನಾಕು ಎಲಿ ಬಿಟ್ರ ಏನಿಲ್ಲ. ಈಗ ಅದಕ್ಕ ನಿಂಬಿಕಾಯಿ ಮೆಣಸಿನಕಾಯಿ ಕಟ್ಟ್ಯಾರ, ಅಮವಾಸ್ಯಿ ದಿನ ನೆಟ್ಟಿದ್ದಕ್ಕ ಹಿಂಗಾಯ್ತಂತ! ಅಕ್ಕಾರ, ಗಿಡ ಎಣಿಸೋದು ತಿಥಿ ಅಲ್ರಿ, ಥಂಡಿ.

ಇದು ಸೇಬು, ಗುಲಾಬಿ ಕುಟುಂಬದ್ದು, ಇಂಗ್ಲೆಂಡಿನಾಗ ಹೊಲದ ಬೇಲಿಗೆ ಹಚ್ಚೋ ಮುಳ್ಳಿನ ಗಿಡ. ಚಳಿಗಾಲಕ್ಕ ಎಲಿ ಉದುರಿಸಿ ಮಲಗ್ತದ, ಆದ್ರ ಎಬ್ಬಿಸೋದು ಅಷ್ಟು ಸುಲಭಿಲ್ಲ. ಮೊಗ್ಗಿನೊಳಗ ಒಂದು ಜೀವಕೋಶದಿಂದ ಇನ್ನೊಂದಕ್ಕ ಸಣ್ಣ ಸಣ್ಣ ಸಂದಿ ಇರ್ತಾವ, ಆಸ್ಪೆನ್ ಅನ್ನೋ ಥಂಡಿ ದೇಶದ ಮರದಾಗ ಪರೀಕ್ಷಾ ಮಾಡಿ ನೋಡಿದವರು ಹೇಳೋದು ಏನಂದ್ರ ನಿದ್ದಿ ಹೊತ್ತಿನಾಗ ಕ್ಯಾಲೋಸ್ ಅನ್ನೋ ವಸ್ತು ಆ ಸಂದಿಗೆ ಬಿರಡಿ ಜಡಿದು ಬಿಡ್ತದ, ಏಳು ಅನ್ನೋ ಸುದ್ದಿ ಒಳಗ ಮುಟ್ಟಂಗೇ ಇಲ್ಲ. ವಾರಗಟ್ಲೆ ಥಂಡಿ ತಿಂದ ಮ್ಯಾಲೇ ಅದನ್ನ ಕರಗಿಸೋ ಕಿಣ್ವ ತಯಾರಾಗೋದು. ಅಗಸಿ ಬಾಗಿಲಿಗೆ ಅಗಳಿ ಬಿದ್ದಂಗ ಅನ್ರಿ. ಇಲ್ಲಾಂದ್ರ ಬ್ಯಾಂಕಿನ ಆರ್‌ಡಿ ಅನ್ರಿ: ಸುಮಾರು 7 ಡಿಗ್ರಿ ಒಳಗಿನ ಒಂದೊಂದು ತಾಸು ಒಂದೊಂದು ಕಂತು, ನಡುವ ಸೆಕಿ ಬಿದ್ರ ಕಟ್ಟಿದ್ದರಾಗೂ ಕಡಿತ, ಕಂತು ತುಂಬಲಿಲ್ಲಂದ್ರ ಹೂವಿಲ್ಲ. ಜನವರಿದಾಗ ನಾಕು ದಿನ ಬೆಚ್ಚಗಾಯ್ತಂತ ಮೋಸ ಹೋಗಿ ಚಿಗುರಿದ್ರ ಮುಂದಿನ ಹಿಮಕ್ಕ ಸುಟ್ಟು ಹೋಗ್ತದಲ್ಲ, ಅದಕ್ಕ ಈ ಲೆಕ್ಕ. ನಮ್ಮ ಕಲಬುರಗಿ ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸು, ಪಾಪ ಅದರ ಖಾತಿಗೆ ಏನ್ ಜಮಾ ಆಗಬೇಕು.

ಇಂಗ್ಲೆಂಡಿನವರೂ ಇದರಾಗ ಕಡಿಮಿ ಇಲ್ಲ ಮತ್ತ. ಗ್ಲಾಸ್ಟನ್‌ಬರಿ ಅನ್ನೋ ಊರಾಗ ಕ್ರಿಸ್‌ಮಸ್‌ಗೆ ಹೂ ಬಿಡೋ ಹಾಥಾರ್ನ್ ಇತ್ತು, ಪವಾಡ ಅಂತಿದ್ರು. 1752ರಾಗ ಸರ್ಕಾರ ಕ್ಯಾಲೆಂಡರ್ ಬದಲಿಸ್ತು, ಸೆಪ್ಟೆಂಬರ್ 2ರ ಮರುದಿನ 14, ನಡುವಿನ 11 ದಿನ ಗಾಯಬ್. ಹಂಗಾದ್ರ ಖರೇ ಕ್ರಿಸ್‌ಮಸ್ ಯಾವುದು? ಕ್ವೇಂಟನ್ ಅನ್ನೋ ಹಳ್ಳಿದಾಗ ಅದರ ಸಂತತಿ ಅಂತ ನಂಬಿದ್ದ ಒಂದು ಮುಳ್ಳಿನ ಗಿಡದ ಮುಂದ ಜನ ರಾತ್ರಿ ಲಾಟೀನು ಹಿಡ್ಕೊಂಡು ಹೋಗಿ ನಿಂತ್ರು, ಹೂ ಬಿಡಲಿಲ್ಲ, ಹೊಸ ತಾರೀಖು ಸುಳ್ಳು ಅಂತ ತೀರ್ಮಾನ ಮಾಡೇ ಬಿಟ್ರು! ಆ ಗ್ಲಾಸ್ಟನ್‌ಬರಿ ಜಾತಿ ಚಳಿಗಾಲದಾಗ ಒಂದ್ಸಲ, ವಸಂತದಾಗ ಒಂದ್ಸಲ ಹೂ ಬಿಡೋ ತಳಿ, ಅಷ್ಟೇ. ಹವಾ ಹೆಂಗೋ ಹಂಗ ಹಿಂದ ಮುಂದ ಆಗ್ತದ.

ಇನ್ನ ಇಂಡಿಯನ್ ಹಾಥಾರ್ನ್ ಅಂತ ಮಾರ್ತಾರಲ್ಲ, ಅದು ಬ್ಯಾರೇನೇ, ರಾಫಿಯೋಲೆಪಿಸ್ ಅಂತ, ಚೀನಾ-ಜಪಾನ್ ಕಡೀದು. ಹೆಸರಿನಾಗ ಎರಡೂ ಸುಳ್ಳು. ಮುಳ್ಳೂ ಹಣ್ಣೂ ಬೇಕಂದ್ರ ನಮ್ಮ ಬಾರಿ ಗಿಡ ಹಚ್ರಿ, ಅದಕ್ಕ ಈ ಬಿಸಿಲು ಏನೂ ಅಲ್ಲ. ಹಾಥಾರ್ನೇ ಬೇಕಂದ್ರ ನೀರು ನಿಲ್ಲೋ ಎರಿಮಣ್ಣಿನಾಗಂತೂ ಇಡಬ್ಯಾಡ್ರಿ, ಬೇರು ಕೊಳೀತದ.

ಇಷ್ಟೆಲ್ಲಾ ಹೇಳಿದ ಮ್ಯಾಲ ಅಕ್ಕಾರ ಕೇಳಿದ್ದು, ಹಂಗಾದ್ರ ಫ್ರಿಜ್ಜಿನಾಗ ಇಟ್ರ? ಬೀಜಕ್ಕಾದ್ರ ಖರೇನೇ ಹಂಗ ಮಾಡ್ತಾರ, ಹಸಿ ಉಸುಕಿನಾಗ ಕಲಸಿ ಮೊದಲ ಬೆಚ್ಚಗ, ಆಮ್ಯಾಲ ಮೂರು ನಾಕು ತಿಂಗಳು ಫ್ರಿಜ್ಜಿನಾಗ, ಕೆಲವು ಮೊಳಕಿ ಒಡೀಲಿಕ್ಕೆ 18 ತಿಂಗಳೂ ತಗೋತಾವ. ಗಿಡ ಆದ ಮ್ಯಾಲ ಮಾತ್ರ ಪ್ರತಿ ವರ್ಷ ಅದರ ಅಳತಿ ಫ್ರಿಜ್ ಹುಡುಕಬೇಕ್ರಿ ಅಂದೆ. ನಿಂಬಿಕಾಯಿ ಇನ್ನೂ ಬಿಚ್ಚಿಲ್ಲ ಅವರು.