ಕಲ್ಯಾಣಿಯಿಂದ ತೋಡಿಯವರೆಗೆ, ಒಂದೊಂದೇ ಸ್ವರ ಇಳಿಸುತ್ತಾ

ಕರ್ನಾಟಕ ಸಂಗೀತದ ಪರೀಕ್ಷೆಗೆ ಓದುವ ನಮ್ಮಲ್ಲಿ ಹೆಚ್ಚಿನವರಿಗೆ 72 ಮೇಳಕರ್ತಗಳ, ಅಂದರೆ ಏಳೂ ಸ್ವರಗಳಿರುವ ಮೂಲ ರಾಗಗಳ, ಪಟ್ಟಿ ಬಾಯಿಗೆ ಬರುತ್ತದೆ. ಅಕ್ಷರಕ್ಕೊಂದು ಅಂಕಿ ಕೊಟ್ಟು ರಾಗದ ಹೆಸರಿನಿಂದಲೇ ಅದರ ಸಂಖ್ಯೆ ಹಿಡಿಯುವ ಕಟಪಯಾದಿಯಲ್ಲಿ ಮ ಅಂದರೆ 5, ಯ ಅಂದರೆ 1, ತಿರುಗಿಸಿದರೆ 15, ಮಾಯಾಮಾಳವಗೌಳ. ಸರಿ. ಆದರೆ ಮೈಸೂರಿನ ಎಂಟನೇ ಕ್ರಾಸ್ ಗಣಪತಿ ಹಬ್ಬದ ಸಂಗೀತ ಕಚೇರಿಯಲ್ಲಿ ಕೂತು ಆಲಾಪನೆ ಕೇಳುವಾಗ ಮಧ್ಯಮ (ಮ) ಶುದ್ಧವೋ, ಅದಕ್ಕಿಂತ ಅರ್ಧ ಸ್ವರ ಮೇಲಿನ ಪ್ರತಿಯೋ ಅಂತ ತಕ್ಷಣ ಹೊಳೆಯಬೇಕು ಅಲ್ವಾ? ಪಟ್ಟಿಯನ್ನ ಕಿವಿಗೆ ಇಳಿಸೋಕೆ ನನಗೆ ತುಂಬಾ ಹಿಡಿಸಿದ ದಾರಿ ಒಂದಿದೆ.

ಮೊದಲು ಶ್ರುತಿ. ತಂಬೂರಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಆ್ಯಪ್ ಸಾಕು. ಸುಮ್ನೆ ಕೂತು ಮಂದ್ರ ಷಡ್ಜದ (ಕೆಳಗಿನ ಸ) ತಂತಿಯನ್ನೇ ಕೇಳಿ. ಸದ್ದು ಕರಗುತ್ತಾ ಹೋದ ಹಾಗೆ ಅದರೊಳಗಿಂದ ಸಣ್ಣಗೆ ಒಂದು ಗಾಂಧಾರ ಏಳುತ್ತದೆ. ಮೂಲ ಸದ್ದಿನ ಐದು ಪಟ್ಟು ಕಂಪನ ಅದು, ತಂತಿ ತಾನಾಗಿಯೇ ಕೊಡುವ ಅಂತರ ಗಾಂಧಾರ (ಮೇಲಿನ ಗ). ಅದಕ್ಕೆ ನಿಮ್ಮ ಗಾ ಕೂಡುವವರೆಗೆ ಮುಂದೆ ಹೋಗಬೇಡಿ.

ಆಮೇಲೆ ಕಲ್ಯಾಣಿ (65, ಪಟ್ಟಿಯಲ್ಲಿ ಅದರ ಸಂಖ್ಯೆ) ಹಾಡಿ. ಪ್ರತಿ ಮಧ್ಯಮವನ್ನು ಶುದ್ಧ ಮಾಡಿ: ಶಂಕರಾಭರಣ (29). ಕಾಕಲಿ ನಿಷಾದವನ್ನು (ಮೇಲಿನ ನಿ) ಕೈಶಿಕಿಗೆ, ಅಂದರೆ ಅರ್ಧ ಸ್ವರ ಕೆಳಗೆ, ಇಳಿಸಿ: ಹರಿಕಾಂಭೋಜಿ (28). ಅಂತರ ಗಾಂಧಾರ ಅರ್ಧ ಸ್ವರ ಇಳಿದು ಸಾಧಾರಣ ಗಾಂಧಾರವಾದರೆ ಖರಹರಪ್ರಿಯ (22), ಧೈವತ ಇಳಿದು ಶುದ್ಧವಾದರೆ ನಟಭೈರವಿ (20), ಕೊನೆಗೆ ರಿಷಭವೂ ಶುದ್ಧವಾದರೆ ಹನುಮತೋಡಿ, ಅಂದರೆ ತೋಡಿ (8). ಪ್ರತಿ ಸಲ ಬದಲಾಗುವುದು ಒಂದೇ ಸ್ವರ, ಅದೂ ಅರ್ಧ ಸ್ವರದಷ್ಟು. ಹೆಸರಾಂತ ವೈಣಿಕ ವೀಣೆ ಶೇಷಣ್ಣನವರ ಊರಾದ ಮೈಸೂರಲ್ಲಿ ವೀಣೆಗೇನು ಬರ? ಯಾರದ್ದಾದರೂ ವೀಣೆಯಲ್ಲಿ ನುಡಿಸಿ ನೋಡಿ, ಬೆರಳು ಒಂದೇ ಮೆಟ್ಟಿಲು ಕೆಳಗೆ ಬರುವುದು ಕಣ್ಣಿಗೂ ಕಾಣುತ್ತದೆ.

ಸಂಖ್ಯೆಗಳೂ ಇಲ್ಲೇ ಅರ್ಥವಾಗುತ್ತವೆ. ಮಧ್ಯಮ ಬದಲಾದರೆ 36ರ ವ್ಯತ್ಯಾಸ. ರಿ, ಗ ಬದಲಾದರೆ ಚಕ್ರವೇ (ಒಂದೇ ರಿ, ಗ ಇರುವ ಮೇಳಗಳ ಗುಂಪು) ಬದಲಾಗುತ್ತದೆ, ಒಂದು ಚಕ್ರಕ್ಕೆ ಆರು ಮೇಳ, ಹಾಗಾಗಿ 28ರಿಂದ 22ಕ್ಕೆ ಆರು, 20ರಿಂದ 8ಕ್ಕೆ ಎರಡು ಚಕ್ರ ದಾಟಿ ಹನ್ನೆರಡು. ದ, ನಿ ಬದಲಾದರೆ ಅದೇ ಚಕ್ರದೊಳಗೆ ಓಡಾಟ. ಇದು ಗೊತ್ತಾದ ಮೇಲೆ ಪಟ್ಟಿಯನ್ನ ಉರು ಹೊಡೆಯುವ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಜೊತೆಗೊಬ್ಬರು ಸಿಕ್ಕರೆ ಇನ್ನೂ ಚೆನ್ನ. ಅವರು ಕೀಬೋರ್ಡಲ್ಲಿ ಯಾವುದೋ ಒಂದು ಸ್ವರ ಬದಲಿಸಿ ಆರೋಹಣ ನುಡಿಸಲಿ, ನೀವು ಮೊದಲು ಬದಲಾದ ಸ್ವರ ಹೇಳಿ, ಆಮೇಲೆ ರಾಗ. ಈ ಕ್ರಮ ಮುಖ್ಯ, ಯಾಕೆಂದರೆ ರಾಗದ ಹೆಸರಿಗೆ ನೇರವಾಗಿ ಹಾರಿದರೆ ಕಿವಿ ಊಹೆಗೆ ಬೀಳುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ಕೀಬೋರ್ಡಿನಲ್ಲಿ ಬರುವುದು ಮೇಳದ ಸ್ವರಗಳು ಅಷ್ಟೇ. ತೋಡಿಯ ಗಾಂಧಾರ ಕಚೇರಿಯಲ್ಲಿ ಒಂದೇ ಕಡೆ ನಿಲ್ಲುವುದು ಅಪರೂಪ, ರಿಷಭ ಮಧ್ಯಮಗಳ ನಡುವೆ ತೂಗಾಡುತ್ತಾ ಇರುತ್ತದೆ. ಹಾಗಾಗಿ ಕಲ್ಯಾಣಿಯಿಂದ ತೋಡಿಯವರೆಗಿನ ಈ ಸರಪಳಿ ಗಟ್ಟಿಯಾದ ಮೇಲೆ ತೋಡಿಯ ಒಂದು ವರ್ಣ (ಅಭ್ಯಾಸಕ್ಕೆ ಕಲಿಯುವ ರಚನೆ) ಇಟ್ಟುಕೊಂಡು ಬರೀ ಆ ಗಾಂಧಾರದ ಹಿಂದೆ ಬೀಳಿ, ಎಲ್ಲಿ ಹೊರಟು ಎಲ್ಲಿ ಇಳಿಯುತ್ತದೆ ಅಂತ.